ಹೆಬ್ಬೆರಳಿನಷ್ಟು ಹೆಚ್ಚು

ಹಿಂದೆ ಇಂಗ್ಲೆಂಡಿನಲ್ಲಿ ಗಿಲ್ಬರ್ಟ್ ಎಂಬ ಜವಳಿ ವರ್ತಕ ಪ್ರತಿ ಗಜಕ್ಕೂ ಹೆಬ್ಬೆರಳಿನಷ್ಟು ಬಟ್ಟೆಯನ್ನು ಹೆಚ್ಚಾಗಿಯೇ ಅಳೆದುಕೊಡುತ್ತಿದ್ದ. ಆ ಒಳ್ಳೆಯ ಹೆಸರು ನೋಡಿಯೇ ಊರವರು ಅವನನ್ನು ಪಾರ್ಲಿಮೆಂಟಿಗೆ ಆರಿಸಿ ಕಳಿಸಿದರು. ಅವನು ಅಳತೆಗೋಲನ್ನೂ ಜೊತೆಗೆ ಒಯ್ದ. ಅಧಿವೇಶನ ಮುಗಿದು ಅಂಗಡಿಗೆ ಮರಳಿದ ಕೋಲು ಸುಮ್ಮನೆ ಮೂಲೆಗೆ ಒರಗಿತು.

“ಅಣ್ಣಾ, ಯಾಕಿಷ್ಟು ದಣಿದಿದ್ದೀಯೆ? ಅಲ್ಲಿ ಅಳೆಯುವ ಕೆಲಸ ಬಹಳವೋ?” ಎಂದು ಕತ್ತರಿ ಕೇಳಿತು.

“ಅಳೆಯುವುದೇನೂ ಇಲ್ಲ. ಧಣಿ ನನ್ನನ್ನು ಮೇಲೆತ್ತಿ ಹಿಡಿದು, ಎಲ್ಲರಿಗೂ ಹೆಬ್ಬೆರಳಿನಷ್ಟು ಹೆಚ್ಚು ಕೊಡುತ್ತೇನೆ ಎಂದು ದಿನವಿಡೀ ಮಾತಾಡುತ್ತಾರೆ. ನನ್ನ ಸೊಂಟವೇ ಬಿದ್ದುಹೋಯಿತು.”

“ಅದರಲ್ಲಿ ತಪ್ಪೇನು? ಇಲ್ಲಿಯೂ ಅಷ್ಟೇ ಕೊಡುತ್ತಿದ್ದರಲ್ಲ.”

“ಇಲ್ಲಿ ನನ್ನ ಕೆಳಗೆ ಬಟ್ಟೆ ಇರುತ್ತಿತ್ತು” ಎಂದಿತು ಕೋಲು.