ಡಬ್ಬಿ ಹಾಕಿಸಿದ ಕಾರು

“ಗುರುಗಳೇ, ಮೂರು ತಿಂಗಳಿಂದ ನನಗೆ ಕೋಪವೇ ಬಂದಿಲ್ಲ. ಪ್ರತಿದಿನವೂ ನನ್ನನ್ನು ನಾನೇ ಪರೀಕ್ಷಿಸಿಕೊಳ್ಳುತ್ತಿದ್ದೇನೆ. ಅಡುಗೆಮನೆಯ ಮೇಲ್ವಿಚಾರಣೆಯನ್ನು ಮತ್ತೆ ನನಗೆ ವಹಿಸಬಹುದಲ್ಲವೇ?” ಎಂದು ಶಿಷ್ಯ ಕೇಳಿದ. ಅಡುಗೆಯವರ ಮೇಲಿನ ಕೋಪದಿಂದಲೇ ಆ ಕೆಲಸ ಅವನ ಕೈತಪ್ಪಿತ್ತು; ಈಗ ಅವರ ಜೊತೆ ತರಕಾರಿ ಹೆಚ್ಚುತ್ತಿದ್ದ.

ಗುರುಗಳು ಹೇಳಿದರು:

ಒಬ್ಬ ಟ್ಯಾಕ್ಸಿ ಚಾಲಕನಿದ್ದ. ಅವನದು ಚಿಕ್ಕ ಡೀಸೆಲ್ ಕಾರು. ಅದೇ ಅವನ ಹೊಟ್ಟೆಪಾಡು. ನಾಲ್ಕು ಜನ ಕೂತರೆ ಕಾರು ಘಾಟಿ ಹತ್ತಲು ತಿಣುಕುತ್ತಿತ್ತು. ಪೇಟೆಯಲ್ಲಿ ಟ್ಯೂನಿಂಗ್ ಮಾಡುವವನೊಬ್ಬ ಇಂಜಿನ್ನಿಗೆ ಅಂಗೈಯಗಲದ ಡಬ್ಬಿಯೊಂದನ್ನು ಜೋಡಿಸಿದ. “ಎಳೆತವೂ ಹೆಚ್ಚುತ್ತದೆ, ಮೈಲೇಜೂ ಹೆಚ್ಚುತ್ತದೆ,” ಎಂದ.

ಡಬ್ಬಿಯ ಕೆಲಸ ಇಷ್ಟೇ. ಡೀಸೆಲ್ಲಿನ ಒತ್ತಡ ಇರುವುದಕ್ಕಿಂತ ಕಡಿಮೆ ಇದೆ ಎಂದು ಅದು ಇಂಜಿನ್ನಿನ ಕಂಪ್ಯೂಟರಿಗೆ ತಿಳಿಸುತ್ತಿತ್ತು. ಕಂಪ್ಯೂಟರ್ ನಂಬಿ ಒತ್ತಡ ಏರಿಸುತ್ತಿತ್ತು. ಡೀಸೆಲ್ ಹೆಚ್ಚು ಸುರಿಯುತ್ತಿತ್ತು. ಕಂಪ್ಯೂಟರಿನ ಲೆಕ್ಕಕ್ಕೆ ಮಾತ್ರ ಆ ಹೆಚ್ಚಿನದು ಬರುತ್ತಿರಲಿಲ್ಲ.

ಕಾರು ಘಾಟಿಯನ್ನು ಒಂದೇ ಉಸಿರಿಗೆ ಹತ್ತಿತು. ಸ್ಟೀರಿಂಗಿನ ಮುಂದಿನ ಪರದೆ ತೋರಿಸುವುದು ಆ ಕಂಪ್ಯೂಟರಿನ ಲೆಕ್ಕವನ್ನೇ; ಮೊದಲು ಲೀಟರಿಗೆ ಇಪ್ಪತ್ತೆರಡು ಕಿಲೋಮೀಟರ್ ತೋರಿಸುತ್ತಿದ್ದದ್ದು ಈಗ ಇಪ್ಪತ್ತಾರು ತೋರಿಸಿತು. ಚಾಲಕ ಸ್ಟ್ಯಾಂಡಿನಲ್ಲಿದ್ದವರನ್ನೆಲ್ಲ ಕರೆದು ತೋರಿಸಿದ. ಹಳೆಯ ಮೆಕ್ಯಾನಿಕ್ ಒಬ್ಬ ಬಗ್ಗಿ ಸೈಲೆನ್ಸರಿನ ಬಾಯಿಗೆ ಬೆರಳಾಡಿಸಿದ. ಉರಿಯದ ಡೀಸೆಲ್ಲಿನ ಮಸಿಯಿಂದ ಬೆರಳು ಕಪ್ಪಾಯಿತು.

“ಟ್ಯಾಂಕ್ ಫುಲ್ ಮಾಡಿಸಿ ಇನ್ನೂರು ಕಿಲೋಮೀಟರ್ ಓಡಿಸು. ಮತ್ತೆ ಫುಲ್ ಮಾಡಿಸು. ಎಷ್ಟು ಲೀಟರ್ ಹಿಡಿಯಿತು ನೋಡು,” ಎಂದ.

ಚಾಲಕ ಹಾಗೇ ಮಾಡಿದ. ಲೀಟರಿಗೆ ಹದಿನೇಳು ಕಿಲೋಮೀಟರೂ ಬರಲಿಲ್ಲ. ಬಂಕಿನವನು ಕಳ್ಳ ಎಂದುಕೊಂಡು ಬಂಕ್ ಬದಲಿಸಿದ. ಅಲ್ಲೂ ಅಷ್ಟೇ. ಮೂರನೆಯ ಬಂಕಿನಲ್ಲೂ ಅಷ್ಟೇ.

ಮೆಕ್ಯಾನಿಕ್ ನಕ್ಕ. “ಊರಿನ ಬಂಕುಗಳೆಲ್ಲ ಸೇರಿ ನಿನ್ನೊಬ್ಬನ ಮೇಲೇ ಬಿದ್ದಿದಾವೇನೋ ಮಾರಾಯ? ಮೊದಲು ಆ ಡಬ್ಬಿ ಕೀಳು. ಇಂಜಿನ್ ಉಳಿಯಲ್ಲ.”

“ನಿನಗೆ ಹೊಟ್ಟೆಕಿಚ್ಚು. ಕಣ್ಣೆದುರು ಕಾಣೋದನ್ನ ಬಿಟ್ಟು ಬಂಕಿನವನನ್ನ ನಂಬಲಾ?” ಎಂದ ಚಾಲಕ.

ಎರಡು ತಿಂಗಳಿಗೆ ಕಾರು ಘಾಟಿಯ ತಿರುವಿನಲ್ಲಿ ಹೊಗೆಯುಗುಳಿ ನಿಂತಿತು. ಇಂಜಿನ್ ಸುಟ್ಟಿತ್ತು. ಪ್ರಯಾಣಿಕರು ಇಳಿದು ಬೇರೆ ಗಾಡಿ ಹಿಡಿದರು. ಚಾಲಕ ಒಳಗೆ ನೋಡಿದ. ಪರದೆಯ ಮೇಲೆ ಇಪ್ಪತ್ತಾರು ಹಾಗೇ ಇತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

“ಆದರೆ ಗುರುಗಳೇ, ನಾನು ಪ್ರಾಮಾಣಿಕವಾಗಿಯೇ ಪರೀಕ್ಷಿಸಿಕೊಂಡಿದ್ದೇನೆ,” ಎಂದ ಶಿಷ್ಯ.

“ಆ ಪರದೆಯೂ ತನಗೆ ತಿಳಿದದ್ದನ್ನು ಪ್ರಾಮಾಣಿಕವಾಗಿಯೇ ತೋರಿಸುತ್ತಿತ್ತು. ಹೋಗಿ ಅಡುಗೆಯವರನ್ನು ಕೇಳಿ ಬಾ.”

ಶಿಷ್ಯ ಕೂತಲ್ಲಿಂದ ಏಳಲಿಲ್ಲ.