ಒಲೆಯಿಂದ ಇಳಿಯದ ಬಾಣಲೆ

"ಮೇಡಂ, ಕುಡಿತ ಬಿಟ್ಟು ವರ್ಷವಾದವನ ನಾಲಿಗೆಗೆ ಒಂದೇ ಒಂದು ಗುಟುಕು ಬಿದ್ದರೆ ಏನಾದೀತು?"

ಕೇಳಿದವನು ಕೆಂಪರಾಜು. ಕುಡಿತದಿಂದ ಸತ್ತವರ ಮಿದುಳಿನ ಕೋಶಗಳಲ್ಲಿ ಯಾವ ಜೀನ್ ಎದ್ದು ಕೆಲಸ ಮಾಡುತ್ತಿತ್ತು, ಯಾವುದು ಮಲಗಿತ್ತು ಎಂದು ನೋಡುವುದೇ ಅವನ ಓದು. ಅದನ್ನು ಅವನಿಗೆ ಕಲಿಸುತ್ತಿದ್ದವರು ಅಮೃತವಲ್ಲಿ ಮೇಡಂ. ಇಷ್ಟು ಓದಿದವನು ಇಂಥ ಪ್ರಶ್ನೆ ಕೇಳುತ್ತಾನಲ್ಲ ಎನ್ನಬೇಡಿ. ಮನೆಯ ಸಂಕಟ ಬಂದಾಗ ಓದು ಒಂದು ಮೂಲೆಗೆ ಹೋಗಿ ಕೂತುಬಿಡುತ್ತದೆ.

ಮರುದಿನ ಅವರ ಮನೆಯಲ್ಲಿ ಹಿರಿಯರ ಹಬ್ಬ. ಸತ್ತ ಅಪ್ಪನಿಗೆ ಎಡೆ ಇಡಬೇಕು. ಅಪ್ಪ ಕುಡಿದೇ ಸತ್ತವನು. ಅವನಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಇಡಬೇಕು, ಬಾಟಲಿಯನ್ನೂ. ಎಡೆ ಎತ್ತಿದ ಮೇಲೆ ಹಿರಿಮಗ ಅದರಲ್ಲೊಂದು ಗುಟುಕನ್ನು ಪ್ರಸಾದವೆಂದು ಕುಡಿಯುವುದು ಆ ಮನೆಯ ಪದ್ಧತಿ. ಹಿರಿಮಗ ಎಂದರೆ ಕೆಂಪರಾಜುವಿನ ಅಣ್ಣ ಪುಟ್ಟಮಾದು. ಅಪ್ಪನ ದಾರಿಯನ್ನೇ ಹಿಡಿದು, ಸಾವಿನ ಬಾಗಿಲವರೆಗೆ ಹೋಗಿ ಬಂದವನು. ಮತ್ತೆ ಕುಡಿತಕ್ಕೆ ಬಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. "ನಮ್ಮ ಚಿಕ್ಕೋನು ಓದಿದೋನು, ಅವನು ಹೂಂ ಅಂದ್ರೆ ಹೂಂ" ಎಂದಿದ್ದಳು ಅವ್ವ. ಕೆಂಪರಾಜು ಹೂಂ ಅಂದೂ ಆಗಿತ್ತು. ಬಾಟಲಿ ಅವನ ಚೀಲದಲ್ಲೇ ಇತ್ತು.

"ರಕ್ತ ಚೊಕ್ಕವಾಗಿದೆ ಮೇಡಂ. ಜೀನಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಅಣ್ಣ ಮೊದಲಿನ ಅಣ್ಣನೇ ಅಲ್ಲವೇ?"

ಮೇಡಂ ಕನ್ನಡಕ ತೆಗೆದಿಟ್ಟು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನ ಮನೆಯ ಅಡುಗೆಯವಳಿಗೆ ಬಾರದ ಅಡುಗೆಯೇ ಇರಲಿಲ್ಲ. ವರ್ತಕನಿಗೆ ಅವಳ ಕಜ್ಜಾಯದ ರುಚಿ ಹತ್ತಿತು. ಇವತ್ತೂ ಕಜ್ಜಾಯ, ನಾಳೆಯೂ ಕಜ್ಜಾಯ. ಅವಳೋ ಜಾಣೆ. ಕೇಳುವವರೆಗೆ ಯಾಕೆ ಕಾಯಬೇಕೆಂದು ಮೊದಲೇ ಪಾಕ ಮಾಡಿ ಹಿಟ್ಟು ಕಲಸಿಡತೊಡಗಿದಳು. ಬಾಣಲೆ ಒಲೆಯ ಮೇಲೆ ಖಾಯಂ ಆಯಿತು. ಉಳಿದ ಪಾತ್ರೆಗಳು ಅಟ್ಟ ಸೇರಿದವು. ಕಲಿತ ಅಡುಗೆಯನ್ನು ಅವಳು ಮರೆಯಲಿಲ್ಲ. ಮಾಡುವುದನ್ನು ಬಿಟ್ಟಳು, ಅಷ್ಟೇ.

ಸಿಹಿ ತಿಂದು ತಿಂದು ವರ್ತಕ ಹಾಸಿಗೆ ಹಿಡಿದ. ವೈದ್ಯ ಬೈದ ಮೇಲೆ ಆಣೆ ಇಟ್ಟು ಬಿಟ್ಟ. ಪಕ್ಕದ ಒಲೆಯಲ್ಲಿ ಬೆಂದ ಗಂಜಿ ಕುಡಿದು ಚೇತರಿಸಿಕೊಂಡ. ವರ್ಷ ಕಳೆಯಿತು, ಊರೆಲ್ಲ ಭಲೇ ಎಂದಿತು. ಅಡುಗೆಮನೆಯೊಳಗೆ ಮಾತ್ರ ಅವನು ಒಮ್ಮೆಯೂ ಇಣುಕಿ ನೋಡಲಿಲ್ಲ.

ಒಂದು ಹಬ್ಬದ ದಿನ ನೆಂಟರು, "ಒಂದು ಕಜ್ಜಾಯ ತಿಂದರೆ ಆಕಾಶ ಕಳಚಿ ಬೀಳುತ್ತದೆಯೇ?" ಎಂದು ತಾವು ತಂದದ್ದನ್ನು ಅವನ ಬಾಯಿಗಿಟ್ಟರು. ಅವನು ನುಂಗಿ ಮುಗಿಸಿರಲಿಲ್ಲ, ಒಳಗೆ ಚೊಂಯ್ ಎಂದಿತು. ಓಡಿ ಹೋಗಿ ನೋಡಿದರೆ, ಅಯ್ಯಯ್ಯೋ! ಎಣ್ಣೆ ಕಾದಿದೆ, ಹಿಟ್ಟು ಹದವಾಗಿದೆ, ತಟ್ಟೆ ತುಂಬುತ್ತಿದೆ.

"ಇದನ್ನು ಯಾವಾಗ ಕಲಸಿದೆ?"

"ದಿನಾ ಕಲಸ್ತಾನೇ ಇದ್ದೆನಲ್ಲ ಒಡೆಯಾ. ನೀವು ಕೇಳೋದು ಬಿಟ್ಟಿರಿ. ಬಾಣಲೆ ಇಳಿಸು ಅಂತ ನನಗೆ ಯಾರೂ ಹೇಳಲಿಲ್ಲ."

ಆ ತಟ್ಟೆ ಖಾಲಿಯಾಯಿತು. ಇನ್ನೊಂದು ಬಂತು. ಮತ್ತೆ ಬಾಣಲೆ ಆರಲೇ ಇಲ್ಲ. ಮುಂದಿನ ಹಬ್ಬಕ್ಕೆ ವರ್ತಕ ಇರಲಿಲ್ಲ.

ಮೇಡಂ ಕತೆ ನಿಲ್ಲಿಸಿದರು. ಕೆಂಪರಾಜುವಿಗೆ ತಾನು ಪಕ್ಕಕ್ಕಿಟ್ಟಿದ್ದೊಂದು ನೆನಪಾಯಿತು. ಕುಡಿತ ಬಿಟ್ಟು ವರ್ಷವಾದ ಮೇಲೆ ಬೇರೆ ಕಾರಣಕ್ಕೆ ಸತ್ತವರ ಕೋಶಗಳನ್ನೂ ಅವನು ನೋಡಿದ್ದ. ಅವುಗಳಲ್ಲಿ ಕೆಲವು ಜೀನ್‌ಗಳು, ಕುಡಿಯುತ್ತಲೇ ಸತ್ತವರಲ್ಲಿ ಇದ್ದಂತೆಯೇ, ಇನ್ನೂ ಎದ್ದು ಕೂತಿದ್ದವು. ಯಂತ್ರದ ತಪ್ಪಿರಬೇಕೆಂದು ಅದನ್ನು ಪಕ್ಕಕ್ಕೆ ಸರಿಸಿದ್ದ. ಕಣ್ಣಾರೆ ಕಂಡೂ ಅಣ್ಣನ ವಿಷಯದಲ್ಲಿ ಹೂಂ ಅಂದುಬಿಟ್ಟೆನಲ್ಲ ಎಂದು ಅವನು ಬಾಟಲಿಯಿದ್ದ ಚೀಲದ ಕಡೆ ನೋಡಿದ. ಆದರೂ ಬಾಯಿ ಸುಮ್ಮನಿರಲಿಲ್ಲ.

"ಆದರೆ ಪದ್ಧತಿ, ಮೇಡಂ... ಬಾಟಲಿ ಇಡದಿದ್ದರೆ ಅಪ್ಪ ಮುನಿಸಿಕೊಂಡು ಹೋಗ್ತಾನೆ ಅಂತಾಳೆ ಅವ್ವ."

ಮೇಡಂ ದನಿ ಏರಿಸಲಿಲ್ಲ.

"ಹಾಗಾದರೆ ಇಡು ಕಣಪ್ಪ, ಬರುವ ವರ್ಷ ಅಪ್ಪನ ಎಲೆಯ ಪಕ್ಕದಲ್ಲಿ ನಿಮ್ಮಣ್ಣನಿಗೂ ಒಂದು ಎಲೆ ಹಾಸು."