ಎರಡನೆಯ ಹಲಗೆ

“ಗುರುಗಳೇ, ನನ್ನ ಹತ್ತಿರ ಒಂದು ಎಲೆಕ್ಟ್ರಿಕ್ ಗಿಟಾರ್ ಇದೆ. ಇನ್ನೊಂದು ಕೊಳ್ಳಲೋ ಬೇಡವೋ?”

ಹೀಗೆ ಕೇಳಿದವನು ಜಯಶೀಲ. ಮದುವೆ ಮನೆಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ ಹಾಡುವ ಒಂದು ಆರ್ಕೆಸ್ಟ್ರಾ ತಂಡದಲ್ಲಿ ಅವನು ಗಿಟಾರ್ ನುಡಿಸುತ್ತಿದ್ದ. ಚಿಕ್ಕಂದಿನಲ್ಲಿ ಅವನಿಗೆ ಸ್ವರ ಹಿಡಿಯುವುದನ್ನು ಕಲಿಸಿದವರು ಈ ಗುರುಗಳು. ಈಗಲೂ ಮನಸ್ಸು ಅತ್ತಿತ್ತ ಆದಾಗ ಅವರ ಮುಂದೆ ಬಂದು ಕೂರುತ್ತಿದ್ದ.

“ಇರುವುದಕ್ಕೆ ಏನಾಗಿದೆ?” ಎಂದರು ಗುರುಗಳು.

“ಏನೂ ಆಗಿಲ್ಲ. ದನಿ ಚೆನ್ನಾಗಿಯೇ ಇದೆ. ಆದರೆ ಒಂದು ಹಾಡಿಗೆ ದಪ್ಪ ತಂತಿಯ ಶ್ರುತಿ ಇಳಿಸಬೇಕು, ಮುಂದಿನ ಹಾಡಿಗೆ ಮತ್ತೆ ಏರಿಸಬೇಕು. ನಾನು ಬಿರಡೆ ತಿರುವುವಷ್ಟು ಹೊತ್ತು ವೇದಿಕೆ ಸುಮ್ಮನಿರುತ್ತದೆ. ಜನ ಸಿಳ್ಳೆ ಹಾಕುತ್ತಾರೆ. ‘ಏನಪ್ಪಾ, ಬಾವಿಯಿಂದ ನೀರು ಸೇದುತ್ತಿದ್ದೀಯಾ?’ ಎಂದು ಮೊನ್ನೆ ಒಬ್ಬ ಕೂಗಿದ. ಎರಡು ಗಿಟಾರ್ ಇದ್ದರೆ ಒಂದನ್ನು ಇಳಿಸಿ, ಒಂದನ್ನು ಏರಿಸಿ ಮೊದಲೇ ಇಟ್ಟುಕೊಳ್ಳಬಹುದು. ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಹೆಗಲಿಗೆ ಹಾಕಿದರೆ ಆಯಿತು. ನಡುವೆ ಸದ್ದು ನಿಲ್ಲುವುದೇ ಇಲ್ಲ. ಅಂಗಡಿಯವನು ಇವತ್ತು ಸಂಜೆಯ ತನಕ ಎತ್ತಿಟ್ಟಿರುತ್ತೇನೆ ಎಂದಿದ್ದಾನೆ.”

“ಸದ್ದು ನಿಲ್ಲುವುದೇ ಇಲ್ಲ,” ಎಂದು ಗುರುಗಳು ಆ ಮಾತನ್ನು ಮೆಲ್ಲಗೆ ತಿರುಗಿ ಹೇಳಿದರು. “ಸಂಜೆಗೆ ಇನ್ನೂ ಹೊತ್ತಿದೆ. ಸರಿಯಾಗಿ ಕೂತುಕೋ.”

ಆಮೇಲೆ ಈ ಕತೆ ಹೇಳಿದರು.

ಒಂದು ನದಿಯ ದಡದಲ್ಲಿ ಹಲಗೆ ಬಾರಿಸುವವನೊಬ್ಬನಿದ್ದ. ಹಲಗೆ ನೋಡಿದ್ದೀಯಲ್ಲ, ಬಳೆಯಂಥ ಮರದ ಚೌಕಟ್ಟಿಗೆ ತೊಗಲು ಬಿಗಿದ ವಾದ್ಯ. ಎದೆಗೆ ಆನಿಸಿಕೊಂಡು ಕೋಲಿನಲ್ಲಿ ಬಾರಿಸುವುದು. ಅದೇ ನದಿಯಲ್ಲಿ ಹರಿಗೋಲು ಹಾಕುವ ಅಂಬಿಗನೊಬ್ಬನಿದ್ದ. ಮಾಗಿಯ ಬೆಳಗಿನಲ್ಲಿ ಆ ನದಿಯ ಮೇಲೆ ಎಂಥ ಮಂಜು ಕೂರುತ್ತಿತ್ತೆಂದರೆ, ಅಂಬಿಗನಿಗೆ ತನ್ನ ಕೈಯ ಹುಟ್ಟಿನ ತುದಿಯೇ ಕಾಣುತ್ತಿರಲಿಲ್ಲ. ಅದಕ್ಕೇ ಹಲಗೆಯವನು ಈಚೆ ದಡದಲ್ಲಿ ನಿಂತು ಬಾರಿಸುತ್ತಿದ್ದ. ಅಂಬಿಗ ಆ ಸದ್ದನ್ನು ಹಿಡಿದು ಹರಿಗೋಲನ್ನು ದಡಕ್ಕೆ ತರುತ್ತಿದ್ದ.

ಹರಿಗೋಲು ದಡ ಮುಟ್ಟುವ ಜಾಗಕ್ಕೆ ಕಡವು ಎನ್ನುತ್ತಾರೆ. ಈಚೆ ದಡದಲ್ಲಿ ಇದ್ದದ್ದು ಎರಡೇ ಕಡವು. ಮೇಲೊಂದು, ಕೆಳಗೊಂದು. ನೀರಿನ ಸೆಳೆತ ಕಡಿಮೆಯಿದ್ದ ದಿನ ಮೇಲಿನ ಕಡವಿಗೆ ಬರಬಹುದು. ಸೆಳೆತ ಜೋರಾಗಿ ಹರಿಗೋಲು ಜಾರಿದರೆ ಕೆಳಗಿನ ಕಡವಿಗೇ ಬರಬೇಕು. ತಿರುಗಿ ಮೇಲಕ್ಕೆ ಹುಟ್ಟು ಹಾಕಲು ಯಾರ ತೋಳಿಗೂ ಆಗದು. ಕೆಳಗಿನ ಕಡವೂ ತಪ್ಪಿತೋ, ಮುಂದೆ ಬಂಡೆಗಳು. ಬಂಡೆಗಳ ನಡುವೆ ಹೋದ ಹರಿಗೋಲು ಹಿಂದಕ್ಕೆ ಬಂದದ್ದನ್ನು ಆ ಊರಲ್ಲಿ ಯಾರೂ ನೋಡಿರಲಿಲ್ಲ.

ಹಲಗೆಯವನ ಹತ್ತಿರ ಇದ್ದದ್ದು ಒಂದೇ ಹಲಗೆ. ಮಂಜಿನ ತೇವಕ್ಕೆ ತೊಗಲು ಬೇಗ ಸಡಿಲವಾಗುತ್ತಿತ್ತು. ಸಡಿಲವಾದ ಹಲಗೆಯ ಸದ್ದು ಹತ್ತು ಮಾರು ದಾಟುವುದಿಲ್ಲ. ಆಗ ಬಾರಿಸುವುದನ್ನು ನಿಲ್ಲಿಸಬೇಕು. ಒಣಹುಲ್ಲಿನ ಉರಿಗೆ ತೊಗಲು ಹಿಡಿದು ಕಾಯಿಸಬೇಕು. ಅದು ಬಿಗಿಯಾದ ಮೇಲೆ ಎದ್ದು ಮತ್ತೆ ಬಾರಿಸಬೇಕು. ಹರಿಗೋಲು ಒಂದು ಸಲ ನದಿ ದಾಟುವಷ್ಟರಲ್ಲಿ ಹೀಗೆ ಎರಡು ಸಲ, ಕೆಲವು ದಿನ ಮೂರು ಸಲ.

ಹರಿಗೋಲಿನಲ್ಲಿ ಕೂತವರಿಗೆ ಆ ಹೊತ್ತು ಜೀವ ಬಾಯಿಗೆ ಬರುತ್ತಿತ್ತು. ಬಳೆ ಮಾರುವ ಹೆಂಗಸೊಬ್ಬಳು ದಡಕ್ಕೆ ಕಾಲಿಟ್ಟ ಕೂಡಲೇ ಅವನನ್ನು ಬೈಯುತ್ತಿದ್ದಳು.

“ನಿನ್ನ ಹಲಗೆ ಸುಮ್ಮನಾದರೆ ನನ್ನ ಎದೆಯೂ ಸುಮ್ಮನಾಗುತ್ತದೆ ಮಾರಾಯ. ನಮ್ಮನ್ನು ನಡುನೀರಿನಲ್ಲಿ ಬಿಟ್ಟು ನೀನು ಬೆಂಕಿ ಕಾಯಿಸುತ್ತಾ ಕೂರುತ್ತೀಯಾ?”

“ಚಳಿ ನನಗಲ್ಲವ್ವಾ, ಹಲಗೆಗೆ,” ಎಂದು ಅವನು ನಗುತ್ತಿದ್ದ. ನಕ್ಕರೂ ಮಾತು ಒಳಗೆ ಮುಳ್ಳಿನ ಹಾಗೆ ಕೂರುತ್ತಿತ್ತು.

ಇನ್ನೊಂದು ಸಂಗತಿ ಇತ್ತು. ಸೆಳೆತ ಜೋರಾದ ದಿನ ಹಲಗೆಯವನು ಯಾರೂ ಹೇಳದೆಯೇ ಹಲಗೆ ಎತ್ತಿಕೊಂಡು ಕೆಳಗಿನ ಕಡವಿಗೆ ಓಡುತ್ತಿದ್ದ. ಅಲ್ಲಿ ನಿಂತು ಬಾರಿಸುತ್ತಿದ್ದ. ಹರಿಗೋಲು ಅಲ್ಲಿಗೇ ಬಂದು ಮುಟ್ಟುತ್ತಿತ್ತು. “ಇಂಥ ಮಂಜಿನಲ್ಲಿ ನಿನಗೆ ಹೇಗಯ್ಯಾ ಗೊತ್ತಾಗುತ್ತದೆ?” ಎಂದು ಜನ ಕೇಳಿದರೆ, “ನನಗಲ್ಲ, ನನ್ನ ಹಲಗೆಗೆ ಗೊತ್ತಾಗುತ್ತದೆ” ಎನ್ನುತ್ತಿದ್ದ. ಜಂಬಕ್ಕೆ ಹೇಳಿದ್ದಲ್ಲ. ಹಾಗೆಂದೇ ಅವನು ನಂಬಿದ್ದ.

ಅವನಿಗೆ ಒಬ್ಬಳೇ ಮಗಳು. ಆಚೆ ದಡದ ಊರಿಗೆ ಕೊಟ್ಟಿದ್ದ. ಅವಳು ಚೊಚ್ಚಲ ಬಸುರಿಯಾದಳು. ಬಾಣಂತನಕ್ಕೆ ತವರಿಗೆ ಬರಬೇಕು. ಅವಳ ಅತ್ತೆ ಗಳಿಗೆ ಕೇಳಿಸಿ, ಇಂಥ ದಿನ ಹೊತ್ತು ಮೂಡುವಾಗ ಹರಿಗೋಲು ಹತ್ತಿಸುತ್ತೇವೆ ಎಂದು ಹೇಳಿ ಕಳಿಸಿದಳು. ಮಾಗಿ ತಿಂಗಳು. ಮಂಜು ಕವಿಯುವ ಹೊತ್ತು.

ಆ ಸುದ್ದಿ ಬಂದ ದಿನದಿಂದ ಹಲಗೆಯವನಿಗೆ ಊಟ ಸೇರಲಿಲ್ಲ. ಬಳೆಯವಳ ಮಾತು ಕಿವಿಯಲ್ಲೇ ಇತ್ತು. ಹಲಗೆ ಸುಮ್ಮನಾದ ಹೊತ್ತಿನಲ್ಲಿ, ತುಂಬಿದ ಹೊಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಮಗಳು ನಡುನೀರಿನಲ್ಲಿ ಕೂತಿರುವುದೇ ಕಣ್ಣಿಗೆ ಕಟ್ಟುತ್ತಿತ್ತು. ಕೊನೆಗೆ ಮನೆಯಲ್ಲಿದ್ದ ಹಾಲಿನ ಆಡನ್ನು ಹೊಡೆದುಕೊಂಡು ಹೋದ. ಅದನ್ನು ಕೊಟ್ಟು ಇನ್ನೊಂದು ಹಲಗೆ ತಂದ.

“ಆಡು ಕೊಟ್ಟು ಬಂದೆಯಾ?” ಎಂದಳು ಹೆಂಡತಿ. “ಬಾಣಂತಿಗೆ ಹಾಲಿಗೆ ನಾನೇನು ಮಾಡಲಿ?”

“ಬಾಣಂತಿ ಮೊದಲು ದಡ ಮುಟ್ಟಲಿ. ನಾನು ಒಂದನ್ನು ಬಾರಿಸುವಾಗ ನೀನು ಇನ್ನೊಂದನ್ನು ಕಾಯಿಸುತ್ತಿರಬೇಕು. ಅವಳು ದಾಟುವಾಗ ಒಂದು ಉಸಿರಿನಷ್ಟು ಹೊತ್ತೂ ಸದ್ದು ನಿಲ್ಲಬಾರದು.”

ಅಂಬಿಗನೂ ಹೊಸ ಹಲಗೆಯನ್ನು ನೋಡಿದ. ಬೆರಳಿನಿಂದ ತಟ್ಟಿ, “ಇನ್ನು ಬೆಂಕಿಗೆ ಕೂರುವ ಕೆಲಸ ತಪ್ಪಿತು ಅನ್ನು ಅಣ್ಣಾ,” ಎಂದು ಸಂತೋಷಪಟ್ಟ. ಅವನಿಗೂ ಏನೂ ಹೊಳೆಯಲಿಲ್ಲ.

ಆ ದಿನ ಬಂತು. ಗಂಡ ಆಚೆ ದಡದ ತನಕ ಬಂದು ಹೆಂಡತಿಯನ್ನು ಹರಿಗೋಲಿಗೆ ಹತ್ತಿಸಿದ. ಆ ಚಳಿಯಲ್ಲಿ ಬೇರೆ ಯಾರೂ ದಾಟುವವರಿರಲಿಲ್ಲ. ಅಂಬಿಗ ಎಂದಿನ ಹಾಗೆ, “ಬಿಟ್ಟೆನೋ!” ಎಂದು ಕೂಗಿದ. ಕೂಗು ನೀರಿನ ಮೇಲೆ ತೇಲಿ ಈಚೆ ದಡಕ್ಕೆ ಬಂತು. ಹಲಗೆಯವನು ಮೇಲಿನ ಕಡವಿನಲ್ಲಿ ನಿಂತು ಬಾರಿಸತೊಡಗಿದ.

ತೊಗಲು ಸಡಿಲವಾಗುತ್ತಿದೆ ಎನ್ನುವಾಗ ಹೆಂಡತಿ ಕಾದ ಹಲಗೆಯನ್ನು ಕೈಗೆ ಕೊಟ್ಟು, ಸಡಿಲವಾದದ್ದನ್ನು ತೆಗೆದುಕೊಂಡಳು. ಒಂದು ಪೆಟ್ಟೂ ತಪ್ಪಲಿಲ್ಲ. ಎರಡನೆಯ ಸಲವೂ ಬದಲಾಯಿಸಿದರು. ಆಗಲೂ ತಪ್ಪಲಿಲ್ಲ.

“ಹೇಗೆ?” ಎಂದ ಹಲಗೆಯವನು. ಎಷ್ಟೋ ದಿನದ ಮೇಲೆ ಅವನ ಮುಖ ಅರಳಿತ್ತು.

ಮೂರನೆಯ ಸಲ ಬದಲಾಯಿಸುವ ಹೊತ್ತಿಗೆ ಹರಿಗೋಲು ಕಾಣಬೇಕಿತ್ತು. ಕಾಣಲಿಲ್ಲ.

ನಾಲ್ಕನೆಯ ಸಲ ಬದಲಾಯಿಸಿದರು. ನೀರು ಕಲ್ಲಿಗೆ ಬಡಿಯುವ ರಭಸ ನೋಡಿದರೆ ಸೆಳೆತ ಏರಿದ ಹಾಗಿತ್ತು. ಇಲ್ಲೇ ನಿಲ್ಲಬೇಕೋ, ಕೆಳಗಿನ ಕಡವಿಗೆ ಓಡಬೇಕೋ? ಯಾವಾಗಲೂ ತಾನಾಗಿ ಗೊತ್ತಾಗುತ್ತಿದ್ದದ್ದು ಇವತ್ತು ಗೊತ್ತಾಗಲಿಲ್ಲ. ಇಲ್ಲಿ ಬಿಟ್ಟು ಓಡಿದ ಮೇಲೆ ಹರಿಗೋಲು ಇಲ್ಲಿಗೇ ಬಂದರೆ? ಇಲ್ಲೇ ನಿಂತಾಗ ಅದು ಕೆಳಗೆ ಜಾರಿದ್ದರೆ? ಅವನು ಹಲಗೆಯನ್ನು ಎದೆಗೆ ಒತ್ತಿ ಹಿಡಿದ. ಹಲಗೆ ಏನೂ ಹೇಳಲಿಲ್ಲ. ಹೆದರಿಕೆಯಾಯಿತು. ಹೆದರಿಕೆಗೆ ಇನ್ನೂ ಜೋರಾಗಿ ಬಾರಿಸಿದ.

“ಸ್ವಲ್ಪ ನಿಲ್ಲಿಸು,” ಎಂದಳು ಹೆಂಡತಿ. “ಮಗಳ ದನಿ ಕೇಳುತ್ತದೇನೋ ನೋಡೋಣ.”

“ಬುದ್ಧಿ ಇದೆಯಾ ನಿನಗೆ? ನಾನು ನಿಲ್ಲಿಸಿದರೆ ಅವಳು ದಾರಿ ತಪ್ಪುತ್ತಾಳೆ.”

“ಒಂದೇ ಒಂದು ಗಳಿಗೆ.”

“ಆ ಒಂದು ಗಳಿಗೆ ಬೇಡವೆಂದೇ ಅಲ್ಲವೇ ಆಡು ಕೊಟ್ಟದ್ದು? ಇದು ಸಡಿಲವಾಯಿತು. ಅದನ್ನು ಇಲ್ಲಿ ಕೊಡು!”

ಅವಳು ಕೊಡಲಿಲ್ಲ. ಕಾದ ಹಲಗೆಯನ್ನು ಎದೆಗೆ ಅವಚಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಅವನು ಬೈದ. ಆಮೇಲೆ ಗೋಗರೆದ. ಆಮೇಲೆ ಕೈಯಲ್ಲಿದ್ದದ್ದನ್ನೇ ಹುಚ್ಚು ಹಿಡಿದವನ ಹಾಗೆ ಬಡಿದ. ತೊಗಲು ಒದ್ದೆ ಗೋಣಿಯ ಹಾಗೆ ನಾಲ್ಕು ಸಲ ಸದ್ದು ಮಾಡಿತು. ಆಮೇಲೆ ಅದೂ ಹೋಯಿತು.

ನದಿಯ ಮೇಲೆ ಎಲ್ಲಾ ನಿಶ್ಶಬ್ದವಾಯಿತು.

ಆಗ ಕೂಗು ಕೇಳಿಸಿತು.

“ಓಯ್! ಇಲ್ಲಿದ್ದೇವೋ!”

ಅಂಬಿಗನ ದನಿ. ಕೂಗಿ ಕೂಗಿ ಒಡೆದುಹೋಗಿತ್ತು. ಅದರ ಬೆನ್ನಿಗೇ ಒಂದು ಹೆಣ್ಣು ದನಿ. ಎರಡೂ ಎದುರಿನಿಂದ ಬರಲಿಲ್ಲ. ಕೆಳಗಿನಿಂದ ಬಂದವು, ಬಂಡೆಗಳ ದಿಕ್ಕಿನಿಂದ.

ಈ ಕೂಗು ಅವನಿಗೆ ಹೊಸದಲ್ಲ. ಅವನು ಹಲಗೆ ಕಾಯಿಸಲು ಕೂತಾಗಲೆಲ್ಲ ಇದು ಬರುತ್ತಿತ್ತು. ಹಲಗೆ ಬಡಿಯುತ್ತಿದ್ದರೆ ಮನುಷ್ಯನ ದನಿ ದಡಕ್ಕೆ ಮುಟ್ಟುವುದಿಲ್ಲ. ಅದಕ್ಕೇ ಅಂಬಿಗ ಹಲಗೆ ನಿಂತ ಹೊತ್ತಿನಲ್ಲೇ ಕೂಗುತ್ತಿದ್ದ. ಕೂಗು ಎದುರಿನಿಂದ ಬಂದರೆ ಹಲಗೆಯವನು ಎದ್ದು ಅಲ್ಲೇ ನಿಂತು ಬಾರಿಸುತ್ತಿದ್ದ. ಕೆಳಗಿನಿಂದ ಬಂದರೆ ಅವನ ಕಾಲುಗಳು ತಾವಾಗಿ ಕೆಳಗಿನ ಕಡವಿಗೆ ಓಡುತ್ತಿದ್ದವು. ಇಬ್ಬರೂ ಕೂತು ಮಾತಾಡಿಕೊಂಡು ಮಾಡಿದ ಏರ್ಪಾಡಲ್ಲ ಅದು. ಹೇಗೋ ಹಾಗೆ ಬೆಳೆದುಬಂದಿತ್ತು. ಇಷ್ಟು ವರ್ಷ ಅವನ ಕಿವಿ ಕೇಳಿತ್ತು. ಅವನು ಮಾತ್ರ ಹಲಗೆಗೆ ಗೊತ್ತು ಎಂದುಕೊಂಡಿದ್ದ.

ಹೆಂಡತಿಯ ಕೈಯಿಂದ ಕಾದ ಹಲಗೆಯನ್ನು ಕಸಿದುಕೊಂಡು ಓಡಿದ. ಕಲ್ಲು ಎಡವಿ ಬಿದ್ದ. ಬೀಳುವಾಗ ಹಲಗೆಯನ್ನು ಮೇಲಕ್ಕೆ ಹಿಡಿದ, ಮೊಣಕಾಲನ್ನು ಕಲ್ಲಿಗೆ ಕೊಟ್ಟ. ಎದ್ದು ಮತ್ತೆ ಓಡಿದ. ಕೆಳಗಿನ ಕಡವಿನಲ್ಲಿ ನಿಂತು ನಾಲ್ಕು ಪೆಟ್ಟು ಹಾಕಿದ. ಐದನೆಯದಕ್ಕೆ ಕೈ ಎದ್ದಿತ್ತು. ಮಗಳು ಆ ಮಂಜಿನಲ್ಲಿದ್ದಳು, ಅವನ ಕೈಯಲ್ಲಿ ಬಿಸಿಯಾದ ಹಲಗೆ ಇತ್ತು. ಬಾರಿಸದೆ ನಿಲ್ಲುವುದು ಎಷ್ಟು ಕಷ್ಟ ನೋಡು. ಆದರೂ ನಿಂತ. ಉಸಿರು ಹಿಡಿದು ಕೇಳಿದ.

“ಓಯ್!”

ಇನ್ನೂ ಕೆಳಗೆ. ಕಡವಿನ ಕೊನೆಯ ಕಲ್ಲಿನ ಹತ್ತಿರ.

ಅವನು ನೀರಿಗೆ ಇಳಿದ. ಸೊಂಟದ ತನಕ ನೀರು ಬಂತು. ಹಲಗೆಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು ನಾಲ್ಕು ಪೆಟ್ಟು ಹಾಕಿದ. ನಿಲ್ಲಿಸಿದ. ಕೂಗು ಬಂತು, ಮೊದಲಿಗಿಂತ ಹತ್ತಿರ. ಇನ್ನೊಂದು ಹೆಜ್ಜೆ ಮುಂದೆ ಹೋಗಿ ನಾಲ್ಕು ಪೆಟ್ಟು ಹಾಕಿದ. ನಿಲ್ಲಿಸಿದ.

ಮಂಜಿನೊಳಗಿಂದ ಮೊದಲು ಹುಟ್ಟು ಬಂತು. ಅವನು ಹಲಗೆಯನ್ನು ದಡಕ್ಕೆ ಎಸೆದು ಎರಡು ಕೈಯಲ್ಲೂ ಹುಟ್ಟನ್ನು ಹಿಡಿದ. ಅಂಬಿಗ ಅದರ ಇನ್ನೊಂದು ತುದಿಯನ್ನು ಹಿಡಿದು ಹರಿಗೋಲನ್ನು ಹತ್ತಿರಕ್ಕೆ ಎಳೆದುಕೊಂಡ. ತಾನೂ ನೀರಿಗೆ ಇಳಿದ. ಇಬ್ಬರೂ ಸೇರಿ ಮಗಳನ್ನು ಇಳಿಸಿಕೊಂಡರು. ಅಷ್ಟರಲ್ಲಿ ಹರಿಗೋಲು ಕೈತಪ್ಪಿತು. ಸ್ವಲ್ಪ ಹೊತ್ತಿಗೆ ಕೆಳಗೆ ಬಂಡೆಗೆ ಬಡಿದು ಬಿದಿರು ಮುರಿಯುವ ಸದ್ದು ಕೇಳಿಸಿತು.

ತಾಯಿ ಓಡಿ ಬಂದು ಮಗಳ ಹೊಟ್ಟೆಯ ಮೇಲೆ ಕೈಯಿಟ್ಟಳು. ಒಳಗೆ ಕೂಸು ಒದೆಯಿತು.

“ಅಪ್ಪಾ, ಗಂಟಲು ಹರಿಯುವ ಹಾಗೆ ಕೂಗಿದೆವು,” ಎಂದಳು ಮಗಳು. “ನಿನಗೆ ಕೇಳಿಸಲೇ ಇಲ್ಲವಾ?”

ಅಂಬಿಗ ತನ್ನ ಒದ್ದೆ ಪಂಚೆಯನ್ನು ಹಿಂಡುತ್ತಾ, ಹರಿಗೋಲು ಹೋದ ದಿಕ್ಕನ್ನು ನೋಡುತ್ತಾ ಹೇಳಿದ:

“ಅಣ್ಣಾ, ಇಷ್ಟು ವರ್ಷ ನಾವಿಬ್ಬರೂ ಮಾತಾಡಿಕೊಂಡು ದಾಟಿಸುತ್ತಿದ್ದೆವು. ಇವತ್ತು ನೀನೊಬ್ಬನೇ ಮಾತಾಡಿದೆ.”

ಗುರುಗಳು ಕತೆ ನಿಲ್ಲಿಸಿದರು.

ಜಯಶೀಲ ಕೇಳಿದ. “ಆಮೇಲೆ ಅವನು ಆ ಎರಡನೆಯ ಹಲಗೆಯನ್ನು ಬಿಸಾಡಿಬಿಟ್ಟನೇ?”

“ಯಾಕೆ ಬಿಸಾಡುತ್ತಾನೆ? ಕೊನೆಗೆ ಕೆಳಗಿನ ಕಡವಿನಲ್ಲಿ ಸದ್ದು ಕೊಟ್ಟದ್ದು ಕಾದ ಹಲಗೆಯೇ ತಾನೇ?”

“ಹಾಗಾದರೆ ನಾನು ಗಿಟಾರ್ ಕೊಳ್ಳಬಹುದು ಎನ್ನುತ್ತೀರಾ?”

ಗುರುಗಳು ತಿರುಗಿ ಕೇಳಿದರು.

“ನೀನು ತಂತಿ ಬಿಗಿಯಲು ನಿಲ್ಲಿಸಿದಾಗ, ಜೊತೆಗೆ ಹಾಡುವವರು ನಿನಗೆ ಏನು ಕೂಗಿ ಹೇಳುತ್ತಾರೆ?”

ಜಯಶೀಲನಿಗೆ ಜನರ ಸಿಳ್ಳೆ ನೆನಪಾಯಿತು. ಜೊತೆಯವರ ಒಂದು ಮಾತೂ ನೆನಪಾಗಲಿಲ್ಲ; ಆ ಹೊತ್ತಿನಲ್ಲಿ ಅವನು ಅತ್ತ ಕಿವಿಯನ್ನೇ ಕೊಟ್ಟಿರಲಿಲ್ಲ.